ಡಿವೈಡರ್ ಗ್ಯಾಪಿನ ಎದುರಿನ ಮೀನೂಟ

ಅಂಕೋಲಾ ಕಡೆಯಿಂದ ಬರುವವರು ಮಿರ್ಜಾನ ದಾಟಿದ ಮೇಲೆ ಸ್ವಲ್ಪ ನಿಧಾನ ಮಾಡಬೇಕು. ಹೆದ್ದಾರಿಯ ಎಡಬದಿಗೆ ಒಂದು ಹಂಚಿನ ಮನೆ. ಅದರ ಮುಂದೆ ನೀಲಿ ಟಾರ್ಪಾಲಿನ ಮಾಡು, ಕೆಳಗೆ ಪ್ಲಾಸ್ಟಿಕ್ ಟೇಬಲ್ಲು, ಕುರ್ಚಿ. ಹೋಟೆಲಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಯಾವುದೋ ಹಳೇ ಫ್ಲೆಕ್ಸಿನ ಹಿಂಬದಿಗೆ ಕೆಂಪು ಬಣ್ಣದಲ್ಲಿ ‘ಮೀನೂಟ ಇದೆ’ ಅಂತ ಬರೆದು ತೆಂಗಿನ ಮರಕ್ಕೆ ಕಟ್ಟಿದ್ದಾರೆ. ಲಾರಿಯವರು ಇದನ್ನು ‘ಗ್ಯಾಪ್ ಹತ್ರದ ಅಕ್ಕನ ಮನೆ’ ಅನ್ನುತ್ತಾರೆ. ಎದುರಿಗೇ ಡಿವೈಡರಿನಲ್ಲಿ ಗಾಡಿ ತಿರುಗಿಸಲು ಬಿಟ್ಟ ಜಾಗ ಇದೆ. ಗೋವಾ ಕಡೆಯಿಂದ ಬರುವವರೂ ಮಂಗಳೂರು ಕಡೆಯಿಂದ ಬರುವವರೂ ಇಲ್ಲಿ ನಿಲ್ಲಬಹುದು.

ನನ್ನದು ಲೈನ್ ಸೇಲ್ಸ್ ಕೆಲಸ. ಕಾರವಾರದಿಂದ ಭಟ್ಕಳದವರೆಗೆ, ಮತ್ತೆ ಘಟ್ಟ ಹತ್ತಿ ಶಿರಸಿಗೆ, ಅಂಗಡಿಗಳಿಗೆ ಚಹಾಪುಡಿ, ಬಿಸ್ಕತ್ತು, ಮಸಾಲೆ ಪ್ಯಾಕೆಟ್ಟು ಹಾಕುತ್ತೇನೆ. ಎಲ್ಲೇ ಊಟಕ್ಕೆ ಕೂತರೂ ಮೀನಿನ ಜೊತೆ ಅಂಗಡಿಯ ಲೆಕ್ಕವೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಎರಡನ್ನೂ ಬರೆಯುತ್ತೇನೆ. ಊಟದ ವಿಷಯ ಮಾತ್ರ ಬೇಕಾದವರು ಮೊದಲಿನ ಸ್ವಲ್ಪ, ಕೊನೆಯ ಸ್ವಲ್ಪ ಓದಿಕೊಳ್ಳಿ.

ಊಟ ಚೆನ್ನಾಗಿದೆ. ಸುಮ್ನೆ ಹೊಗಳುತ್ತಿಲ್ಲ. 120 ರೂಪಾಯಿಗೆ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಸೋಲ್ ಕಡಿ. ಅನ್ನ ಕುಚ್ಚಲಕ್ಕಿಯದು. ಬೆಳ್ತಿಗೆ ಬೇಕಾದರೆ ಮೊದಲೇ ಹೇಳಬೇಕು. ಬಂಗಡೆ ಇದ್ದ ದಿನ ಹೋದರೆ ನಿಮ್ಮ ಪುಣ್ಯ. ಬ್ಯಾಡಗಿ ಮೆಣಸು, ಕಾಯಿ ನುಣ್ಣಗೆ ಅರೆದು, ಹುಳಿಗೆ ಒಣ ಮುರುಗಲು ಸಿಪ್ಪೆ ಹಾಕಿ, ಕೊನೆಗೆ ಜುಮ್ಮನಕಾಯಿ ಅನ್ನುವ ಕಾಡಿನ ಮಸಾಲೆಕಾಯಿ ಜಜ್ಜಿ ಬಿಡುತ್ತಾರೆ. ಈ ಜುಮ್ಮನಕಾಯಿಯನ್ನು ಹೆದ್ದಾರಿಯ ದೊಡ್ಡ ಹೋಟೆಲಿನವರು ಕೈಬಿಟ್ಟು ಎಷ್ಟೋ ಕಾಲವಾಯಿತು. ಬೆಂಗಳೂರಿನ ಗಿರಾಕಿ ಅದನ್ನು ಕಚ್ಚಿ, ನಾಲಿಗೆ ಜುಮ್ಮೆಂದು ಗಾಬರಿಯಾಗಿ, ಸಾರು ವಾಪಸ್ ಕಳಿಸುತ್ತಾನಂತೆ. ಈ ಅಕ್ಕ ಬಿಟ್ಟಿಲ್ಲ. ‘ಅದ್ನ ಹಾಕ್ದೆ ಹೋದ್ರೆ ಬಂಗ್ಡೆ ವಾಸ್ನೆ ಹೊಡೀತದೆ’ ಅನ್ನುತ್ತಾರೆ. ಸರಿಯಾದ ಮಾತು.

ಬಳಚಿನ ಸುಕ್ಕ ಸಿಕ್ಕರೆ ಬಿಡಬೇಡಿ. ಬಳಚು ಅಂದರೆ ಹೊಳೆಯ ಚಿಪ್ಪಿಮೀನು. ಅಘನಾಶಿನಿ ಇಲ್ಲಿಂದ ಹತ್ತಿರ. ನೀರಿಳಿದಾಗ ಹೆಂಗಸರು ಗಂಡಸರು ಹೊಳೆಗಿಳಿದು ಬಳಚು ಹೆಕ್ಕುತ್ತಾರೆ. ಅವರೇ ಬಕೆಟ್ಟಿನಲ್ಲಿ ತಂದು ಕೊಡುತ್ತಾರೆ. ಮರಳು ಒಂದು ಕಣವೂ ಹಲ್ಲಿಗೆ ಸಿಗುವುದಿಲ್ಲ. ಬಳಚು ತಿನ್ನುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ನೊಗಲಿ ಮೀನಿನ ರವಾ ಫ್ರೈಗೆ ಆ ದಿನದ ರೇಟು. ತಿನ್ನುವ ಮೊದಲು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಸೋಲ್ ಕಡಿ ನಿಜವಾದ ತೆಂಗಿನ ಹಾಲಿನದು. ಬೇರೆ ಕಡೆ ಕೊಡುವ ಗುಲಾಬಿ ನೀರಲ್ಲ.

ಕೊರತೆಗಳೂ ಇವೆ. ಶೌಚಾಲಯ ಮನೆಯ ಹಿಂದೆ, ಮನೆಯವರದ್ದೇ. ಹೆಂಗಸರು ಕೇಳಿದರೆ ಬಿಡುತ್ತಾರೆ, ಗಂಡಸರಿಗೆ ಹೊರಗಡೆ ಕೈ ತೋರಿಸುತ್ತಾರೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವ ಜಾಗ ಪೂರ್ತಿ ಕೆಸರು. ಟಾರ್ಪಾಲಿನ ಅಂಚಿನಿಂದ ನೀರು ನೇರ ಬೆನ್ನಿಗೆ ಬೀಳುತ್ತದೆ. ಒಳಗಿನ ಟೇಬಲ್ ಹಿಡಿಯಬೇಕು. ಫೋನಿನಲ್ಲಿ ದುಡ್ಡು ಕಳಿಸುತ್ತೇನೆ ಅಂದರೆ ಒಂದೊಂದು ದಿನ ನೆಟ್‌ವರ್ಕ್ ಇರುವುದಿಲ್ಲ. ಮಧ್ಯಾಹ್ನ ಎರಡೂವರೆ ನಂತರ ಹೋದರೆ ಮೀನು ಖಾಲಿ, ಮೊಟ್ಟೆ ಮಾತ್ರ. ಬಡಿಸುವುದು ನಿಧಾನ. ಗಂಡ ಒಲೆಯ ಮುಂದೆ, ಅತ್ತೆ ಕಾಯಿ ತುರಿಯುತ್ತಾರೆ, ಅಕ್ಕ ಬಡಿಸುತ್ತಾರೆ, ಲೆಕ್ಕವೂ ಅವರೇ. ಒಟ್ಟಿಗೆ ಎರಡು ಕಾರು ಬಂದರೆ ಅರ್ಧ ಗಂಟೆ ಕಾಯಬೇಕು.

ಇಷ್ಟು ಊಟದ ವಿಷಯ. ಈಗ ಅಂಗಡಿಯ ಲೆಕ್ಕ.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವ ನನ್ನ ಸೋದರಳಿಯ ರಜೆಯಲ್ಲಿ ನನ್ನ ಜೊತೆ ಲೈನಿಗೆ ಬಂದಿದ್ದ. ಬಡ ದೇಶಗಳಲ್ಲಿ ಜನ ಯಾಕೆ ಸ್ವಂತ ಉದ್ಯೋಗಕ್ಕೆ ಇಳಿಯುತ್ತಾರೆ ಅನ್ನುವುದು ಅವನ ಪಾಠದಲ್ಲಿದೆಯಂತೆ. ಬೇರೆ ಕೆಲಸ ಸಿಗದೆ ತಳ್ಳಲ್ಪಟ್ಟವರು ಕೆಲವರು, ಲಾಭ ಕಂಡು ತಾವಾಗೇ ಬಂದವರು ಕೆಲವರು ಅಂತ ಎರಡು ಬಗೆ ಮಾಡುತ್ತಾರಂತೆ. ಅಂಕಿಗಳೂ ಅವನ ಬಾಯಲ್ಲೇ ಇದ್ದವು. 2023-24ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ದುಡಿಯುವವರಲ್ಲಿ ಶೇ 58.4 ಮಂದಿ ಸ್ವಂತ ದುಡಿಮೆಯವರು. 2017-18ರಲ್ಲಿ ಇದು ಶೇ 52.2 ಇತ್ತು. 2023-24ರಲ್ಲಿ ತಿಂಗಳ ಸಂಬಳದವರು ಶೇ 21.7 ಮಾತ್ರ. ರೈತರೂ ಸ್ವಂತ ದುಡಿಮೆಯವರಲ್ಲಿ ಸೇರುತ್ತಾರೆ. ಸಂಬಳವಿಲ್ಲದೆ ಮನೆ ಅಂಗಡಿಯಲ್ಲಿ ದುಡಿಯುವವರೂ ಸೇರುತ್ತಾರೆ. ಅಂದರೆ ಇಲ್ಲಿ ಕಾಯಿ ತುರಿಯುವ ಅತ್ತೆಯೂ ಆ ಲೆಕ್ಕದಲ್ಲಿದ್ದಾರೆ. ಜಗತ್ತಿನಲ್ಲಿ 200 ಕೋಟಿ ಜನ ಯಾವ ಭದ್ರತೆಯೂ ಇಲ್ಲದ ಇಂಥ ಅನೌಪಚಾರಿಕ ದುಡಿಮೆಯಲ್ಲಿದ್ದಾರೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಹೇಳಿತ್ತಂತೆ. ಅವರಲ್ಲಿ ಹೆಚ್ಚಿನವರು ನಮ್ಮಂಥ ದೇಶಗಳವರು.

ಅವನು ಅಕ್ಕನನ್ನೇ ಕೇಳಿಬಿಟ್ಟ, ನೀವು ಎರಡರಲ್ಲಿ ಯಾವ ಬಗೆ ಅಂತ. ಅಕ್ಕ ನೀರಿನ ಜಗ್ ಕೆಳಗಿಟ್ಟು ನಕ್ಕರು.

‘ನಾನೆಂತ ಧೈರ್ಯ ಮಾಡ್ಲಿಲ್ಲ ಮಾರಾಯ. ರಸ್ತೆ ಮನೆ ಬಾಗ್ಲಿಗೆ ಬಂತು. ಮನೆ ಒಳಗಿದ್ದಿದ್ರೆ ನಾನೂ ಗೇರುಬೀಜ ಸುಲೀಲಿಕ್ಕೆ ಹೋಗ್ತಿದ್ದೆ.’

ಇದು ಬರೀ ಬಾಯಿಮಾತಲ್ಲ. ಅವರ ತಂಗಿ ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಊರಲ್ಲಿ ಇದ್ದಾರೆ. ಅಕ್ಕನಿಗಿಂತ ಅವರ ಕೈರುಚಿಯೇ ಒಂದು ತೂಕ ಜಾಸ್ತಿ ಅಂತ ಅತ್ತೆಯೇ ಹೇಳುತ್ತಾರೆ. ಇಬ್ಬರೂ ಒಂದೇ ತಾಯಿಯಿಂದ ಕಲಿತವರು. ತಂಗಿ ಬೆಳಗಿನ ಬಸ್ಸಿಗೆ ಕುಮಟಾಕ್ಕೆ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ. ಆ ಊರಲ್ಲಿ ಮೀನೂಟದ ಅಂಗಡಿ ಇಟ್ಟರೆ ತಿನ್ನುವವರು ಯಾರು? ಎಲ್ಲರ ಮನೆಯಲ್ಲೂ ಅದೇ ಸಾರು ಕುದಿಯುತ್ತಿರುತ್ತದೆ.

ಗಂಡನ ಕಥೆಯೂ ಸ್ವಲ್ಪ ಇದೆ. ಮೊದಲು ತದಡಿ ಬಂದರಿನಲ್ಲಿ ಬೋಟಿಗೆ ಹೋಗುತ್ತಿದ್ದರು, ಆಮೇಲೆ ಗೋವಾದ ಹೋಟೆಲೊಂದರ ಅಡುಗೆಮನೆಯಲ್ಲಿದ್ದರು. ನಮ್ಮ ಜಿಲ್ಲೆಯಲ್ಲಿ ಇದೊಂದು ಮಾಮೂಲಿ ದಾರಿ. ಕಾರವಾರದವರಿಗಂತೂ ಗೋವಾ ಗಡಿ ಗಾಡಿಯಲ್ಲಿ ಅರ್ಧ ಗಂಟೆಯ ಹಾದಿ. ಬೆಳಿಗ್ಗೆ ಹೋಗಿ ಸಂಜೆ ಬರುವವರಿದ್ದಾರೆ. ಅಷ್ಟು ಹತ್ತಿರದಲ್ಲಿ ಸಂಬಳ ಸಿಗುವಾಗ ಸ್ವಂತ ಅಂಗಡಿಯ ಯೋಚನೆ ಬರುವುದು ನಿಧಾನ. ಕುಮಟಾದಿಂದ ದಿನಾ ಹೋಗಿ ಬರಲು ಆಗುವುದಿಲ್ಲ. ಅಲ್ಲಿ ರೂಮು ಮಾಡಿ ಇದ್ದರೆ ಬಾಡಿಗೆ, ಊಟಕ್ಕೇ ಅರ್ಧ ಸಂಬಳ. ವಾಪಸ್ ಬಂದರು. ರಸ್ತೆ ನಾಲ್ಕು ಪಥ ಆಗುವಾಗ ಇವರ ಅಂಗಳದ ಒಂದು ಭಾಗ ಹೋಯಿತು, ಪರಿಹಾರ ಬಂತು. ಆ ದುಡ್ಡಲ್ಲಿ ಒಲೆ, ಪಾತ್ರೆ, ಫ್ರಿಜ್ಜು ಬಂತು. ಉಳಿದದ್ದು ಮಹಿಳಾ ಸಂಘದ ಸಾಲ.

ಬಾಡಿಗೆ ಇಲ್ಲ. ಇಡೀ ಲೆಕ್ಕದಲ್ಲಿ ದೊಡ್ಡ ಸಂಗತಿ ಇದೇ. ಗೋಕರ್ಣದಲ್ಲಿ ಬೀದಿಯ ಮೇಲೆ ಇದರ ಅರ್ಧದಷ್ಟು ಜಾಗ ಹಿಡಿಯಲಿಕ್ಕೆ ಕೇಳುವ ಅಡ್ವಾನ್ಸಿನಲ್ಲಿ ಇಲ್ಲಿ ಇನ್ನೊಂದು ಅಡುಗೆಮನೆ ಕಟ್ಟಬಹುದು. ಅಲ್ಲಿ ಸೀಸನ್ನು ಮುಗಿದ ಮೇಲೂ ಬಾಡಿಗೆ ನಿಲ್ಲುವುದಿಲ್ಲ. ಹಾಗಾಗಿ ಗೋಕರ್ಣದಲ್ಲಿ ಊರವರು ಜಾಗ ಬಾಡಿಗೆಗೆ ಕೊಟ್ಟು ಕೂರುತ್ತಾರೆ, ಅಂಗಡಿ ನಡೆಸುವವರು ಹೊರಗಿನವರು. ಎಲ್ಲರೂ ಹೀಗೆ ಅಂತಲ್ಲ, ನನ್ನ ಲೈನಿನಲ್ಲಿ ಕಂಡದ್ದು ಹೇಳಿದೆ.

ಈ ಹೆದ್ದಾರಿಯ ಮೇಲೆ ಓಡಾಡಿದರೆ ಸ್ವಂತ ಉದ್ಯೋಗ ಎಲ್ಲಿ ಹುಟ್ಟುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಹಂದಿಗೋಣ, ಅಳ್ವೆಕೋಡಿ ಹತ್ತಿರ ಬೇಸಿಗೆಯಲ್ಲಿ ಕುಮಟಾದ ಸಿಹಿ ಈರುಳ್ಳಿಯ ಗೊಂಚಲು ಕಟ್ಟಿ ಸಾಲಾಗಿ ತೂಗುಹಾಕುತ್ತಾರೆ. ಗದ್ದೆ ರಸ್ತೆಯ ಪಕ್ಕದಲ್ಲೇ ಇದೆ, ಹಾಗಾಗಿ ಬೆಳೆದವರೇ ಮಾರುವವರು. ಇದೇ ಈರುಳ್ಳಿ ಒಳಗಿನ ಊರಲ್ಲಿ ಬೆಳೆದರೆ ದಲ್ಲಾಳಿಯ ಟೆಂಪೋ ಬರುವವರೆಗೆ ಕಾಯಬೇಕು. ಅಂಕೋಲಾದ ಕರಿ ಇಶಾಡು ಮಾವಿಗೂ ಇದೇ ಕಥೆ. ಕೊಂಕಣ ರೈಲ್ವೆಯವರು ಗೋಕರ್ಣ ರೋಡ್ ಸ್ಟೇಶನ್ನನ್ನು ಊರಿಂದ ಸುಮಾರು ಹತ್ತು ಕಿಲೋಮೀಟರ್ ದೂರ, ಮಾದನಗೇರಿ ಹತ್ತಿರ ಇಟ್ಟರು. ಸ್ಟೇಶನ್ನು ದೇವಸ್ಥಾನದ ಪಕ್ಕದಲ್ಲೇ ಇದ್ದಿದ್ದರೆ ಅಲ್ಲಿ ನಿಲ್ಲುವ ಆಟೋಗಳಲ್ಲಿ ಎಷ್ಟು ಉಳಿಯುತ್ತಿದ್ದವು ಹೇಳಿ.

ತಿರುಗಾಮುರುಗಾ ಆದದ್ದೂ ಉಂಟು. ಕಾರವಾರ, ಅಂಕೋಲಾ ನಡುವೆ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಸಾವಿರಾರು ಕುಟುಂಬಗಳು ಎದ್ದು ಹೋದವು. ಅದರಲ್ಲಿ ಮೀನುಗಾರರೂ ಇದ್ದರು. ದೋಣಿ, ಬಲೆ ಎರಡೂ ಅವರದ್ದೇ. ಅಂದರೆ ಅವರು ಅಪ್ಪಟ ಸ್ವಂತ ಉದ್ಯೋಗದವರು. ಪುನರ್ವಸತಿ ಕಾಲನಿಯ ಸೈಟು ಸಿಕ್ಕಿತು, ಆದರೆ ಬಾಗಿಲ ಮುಂದಿನ ಕಡಲು ಹೋಯಿತು. ದಿನಾ ದೂರ ಹೋಗಿ ದೋಣಿ ಇಳಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಆ ಕಾಲನಿಗಳ ಅಂಗಡಿಗಳಿಗೆ ನಾನು ಮಾಲು ಹಾಕುತ್ತೇನೆ. ಮನೆಮುಂದೆ ಕಿರಾಣಿ ಪೆಟ್ಟಿಗೆ ಇಟ್ಟವರು ಬಹಳ, ಓಡುವುದು ಕಡಿಮೆ. ಸಾಲಾಗಿ ಒಂದೇ ಥರದ ಮನೆ, ಒಂದೇ ಥರದ ಅಂಗಡಿ. ಗಿರಾಕಿ ಹೊರಗಿನಿಂದ ಬರುವುದಿಲ್ಲ.

ಘಟ್ಟದ ಮೇಲೆ ಇನ್ನೊಂದು ಬಗೆ. ಶಿರಸಿ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ ಅಡ್ಡ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಎಲ್ಲ ಅಲ್ಲಿನ ಹೆಂಗಸರ ಕೈಯಲ್ಲಿದೆ. ಆದರೆ ಎದುರಿಗೆ ಗಿರಾಕಿ ಇಲ್ಲ. ಅದಕ್ಕೇ ಶಿರಸಿ ಪೇಟೆಯ ಸೊಸೈಟಿ ಬೇಕಾಗುತ್ತದೆ, ಕೊರಿಯರ್ ಬೇಕಾಗುತ್ತದೆ, ವಾಟ್ಸಾಪ್ ಬೇಕಾಗುತ್ತದೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಆರ್ಡರ್ ತೆಗೆದುಕೊಳ್ಳುವವರನ್ನು ನೋಡಿದ್ದೇನೆ. ದೇವಿಮನೆ ಘಾಟಿಯಲ್ಲಿ ರಸ್ತೆ ಅಗಲ ಮಾಡಲು ಓಡಾಟ ನಿಲ್ಲಿಸಿದ್ದಾಗ ಕುಮಟಾ–ಶಿರಸಿ ರಸ್ತೆಯ ನನ್ನ ಚಹಾ ಅಂಗಡಿಗಳು ಒಂದು ಪ್ಯಾಕೆಟ್ ಬಿಸ್ಕತ್ತೂ ತೆಗೆದುಕೊಳ್ಳಲಿಲ್ಲ. ಅದೇ ಹೊತ್ತಿಗೆ ಯಾಣದ ಕಡೆಯ ಸುತ್ತು ದಾರಿಯಲ್ಲಿ ಮನೆ ಜಗುಲಿಯ ಮೇಲೆ ಹೊಸ ಚಹಾ ಟೇಬಲ್ಲು ಹುಟ್ಟಿದವು. ಜನ ಅದೇ ಜನ, ಗಾಡಿ ಹೋಗುವ ದಾರಿ ಬದಲಾಗಿತ್ತು ಅಷ್ಟೇ.

ಸರ್ಕಾರಕ್ಕೂ ಈ ವಿಷಯ ಸ್ವಲ್ಪ ಗೊತ್ತಿದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಶೇ 15 ಸಬ್ಸಿಡಿ ಇದ್ದರೆ ಹಳ್ಳಿಯಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು ಮುಂತಾದವರಿಗೆ ಪಟ್ಟಣದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಹಳ್ಳಿಯಲ್ಲಿ ಕಷ್ಟ ಜಾಸ್ತಿ ಅಂತ ಒಪ್ಪಿಕೊಂಡ ಹಾಗಾಯಿತು. ಆದರೆ ಕಾಗದದಲ್ಲಿ ಅಕ್ಕನ ಮನೆಯೂ ಹಳ್ಳಿ, ತಂಗಿಯ ಮನೆಯೂ ಹಳ್ಳಿ. ನಡುವೆ ಇರುವ ನಾಲ್ಕು ಕಿಲೋಮೀಟರಿಗೆ ಯಾವ ಫಾರ್ಮಿನಲ್ಲೂ ಕಾಲಂ ಇಲ್ಲ. ಅಕ್ಕ ಒಂದು ಬ್ಯಾಂಕಿಗೆ ಮುದ್ರಾ ಸಾಲ ಕೇಳಿಕೊಂಡು ಹೋಗಿದ್ದರಂತೆ. 50,000 ರೂಪಾಯಿವರೆಗಿನ ಶಿಶು ಸಾಲ, ಅಡಮಾನ ಬೇಡ ಅಂತ ಟಿವಿಯಲ್ಲಿ ನೋಡಿದ್ದರು. ಇವತ್ತು ಬಾ, ನಾಳೆ ಬಾ ಅಂತ ಓಡಾಡಿಸಿದರು. ಆ ಓಡಾಟದಲ್ಲಿ ಕಳೆದ ವ್ಯಾಪಾರವೇ ಜಾಸ್ತಿಯಾಯಿತು ಅಂತ ಬಿಟ್ಟುಬಿಟ್ಟರು.

ಪಿಗ್ಮಿಯವರು ಮಾತ್ರ ದಿನಾ ಸಂಜೆ ತಪ್ಪದೆ ಬರುತ್ತಾರೆ. ಪಿಗ್ಮಿ ಶುರುವಾದದ್ದೂ ಕರಾವಳಿಯಲ್ಲೇ. ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕು 1928ರಲ್ಲಿ ಇದನ್ನು ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಈಗ ಅಕ್ಕ ದಿನಕ್ಕೆ ನೂರು ಕಟ್ಟುತ್ತಾರೆ. ಜೂನ್, ಜುಲೈ ದಾಟಲು ಅದೇ ಆಧಾರ. ನಮ್ಮ ಪಿಗ್ಮಿ ಏಜೆಂಟರು ಸ್ಕೂಟರಿನಲ್ಲಿ ಹೆದ್ದಾರಿಯ ಅಂಗಡಿಗಳನ್ನು ಒಂದೊಂದಾಗಿ ಮುಗಿಸುತ್ತಾರೆ. ತಂಗಿಯ ಊರಿಗೆ ಹೋಗುವುದಿಲ್ಲ. ಅವರನ್ನೂ ದೂರುವ ಹಾಗಿಲ್ಲ. ನಾನೂ ಹೋಗುವುದಿಲ್ಲವಲ್ಲ. ಅಲ್ಲಿನ ಒಂದೇ ಅಂಗಡಿಗೆ ಹೋಗಿ ಬರುವ ಪೆಟ್ರೋಲಿಗೆ ಸಾಕಾಗುವಷ್ಟು ಆರ್ಡರೂ ಆಗುವುದಿಲ್ಲ.

ಹಾಗಂತ ರಸ್ತೆ ಬದಿ ಸ್ವರ್ಗವೂ ಅಲ್ಲ. ಇದೇ ಲೈನಿನಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ, ನಡುವೆ ಹೆದ್ದಾರಿ. ಲಾರಿ ನಿಲ್ಲಿಸಲು ಜಾಗ ಇತ್ತು, ಹಾಗಾಗಿ ಅಲ್ಲಿ ಚಹಾ ಅಂಗಡಿ ಇತ್ತು. ಅಂಗಡಿ ನಡೆಸುತ್ತಿದ್ದ ಕುಟುಂಬವೂ ಹೋಯಿತು, ಲಾರಿಯವರೂ ಹೋದರು. ಕೇರಳದ ಚಾಲಕನೊಬ್ಬನ ಲಾರಿ, ಶವ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಂಗಡಿಗೆ ಗಿರಾಕಿಯನ್ನು ತಂದ ಜಾಗವೇ ಅವರನ್ನು ತೆಗೆದುಕೊಂಡಿತು. ಆಮೇಲೆ ಎಷ್ಟೋ ಜನ ಕೇಳಿದರು, ಅಂಥ ಜಾಗದಲ್ಲಿ ಅಂಗಡಿ ಯಾಕೆ ಇಡಬೇಕಿತ್ತು ಅಂತ. ಆ ಪ್ರಶ್ನೆ ಕೇಳುವವರು ಒಮ್ಮೆ ಒಳಗಿನ ಊರಲ್ಲಿ ಅಂಗಡಿ ಇಟ್ಟು ನೋಡಬೇಕು.

ಅಕ್ಕನಿಗೂ ಒಂದು ಹೆದರಿಕೆ ಇದೆ, ಗುಡ್ಡದ್ದಲ್ಲ. ಇಲ್ಲಿ ಸಪಾಟು ಜಾಗ. ಅವರ ಹೆದರಿಕೆ ಆ ಡಿವೈಡರ್ ಗ್ಯಾಪಿನದು. ಅಪಘಾತ ಆಗುತ್ತದೆ ಅಂತ ಬೇರೆ ಕೆಲವು ಕಡೆ ಗ್ಯಾಪು ಮುಚ್ಚಿದ್ದಾರೆ. ಮುಚ್ಚುವುದು ತಪ್ಪು ಅಂತ ನಾನು ಹೇಳಲಾರೆ. ಬೈಕಿನವರು ಅಲ್ಲಿ ನುಗ್ಗುವುದು ನೋಡಿದರೆ ನನಗೇ ಎದೆ ಹೊಡೆದುಕೊಳ್ಳುತ್ತದೆ. ಆದರೆ ಮುಚ್ಚಿದ ದಿನ ಗೋವಾ ಕಡೆಗೆ ಹೋಗುವ ಗಾಡಿಗಳೆಲ್ಲ ಆಚೆಯಿಂದಲೇ ಹೋಗುತ್ತವೆ, ಅರ್ಧ ವ್ಯಾಪಾರ ಅವುಗಳ ಜೊತೆ ಹೋಗುತ್ತದೆ. ಕೆಲವು ಕಡೆ ಫ್ಲೈಓವರ್ ಬಂದ ಮೇಲೆ ಅದರಡಿ ಸಿಕ್ಕಿಕೊಂಡ ಹೋಟೆಲುಗಳ ಗತಿ ನೋಡಿದ್ದೇನೆ. ಅಡುಗೆಯವರೂ ಅವರೇ, ರುಚಿಯೂ ಅದೇ, ಆದರೆ ಟೇಬಲ್ಲಿನ ಮೇಲೆ ಧೂಳು.

ಇದಕ್ಕೆ ಅವರು ಕಂಡುಕೊಂಡ ದಾರಿ ಒಣಮೀನು ಮತ್ತು ಸಿಗಡಿ ಉಪ್ಪಿನಕಾಯಿ. ಇದರಲ್ಲಿ ತಂಗಿಯನ್ನೂ ಸೇರಿಸಿಕೊಂಡಿದ್ದಾರೆ. ಭಾನುವಾರ ತಂಗಿ ಮನೆಯಲ್ಲೇ ಮಾಡಿ, ಬಾಟಲಿ ತುಂಬಿ ಕಳಿಸುತ್ತಾರೆ. ಊಟಕ್ಕೆ ನಿಂತ ಹುಬ್ಬಳ್ಳಿಯವರು ಫೋನ್ ನಂಬರ್ ಕೊಟ್ಟು ಹೋಗುತ್ತಾರೆ, ಬಸ್ಸಿನ ಪಾರ್ಸೆಲ್‌ನಲ್ಲಿ ಮಾಲು ಹೋಗುತ್ತದೆ. ಒಳ್ಳೇ ಯೋಚನೆ. ಆದರೂ ಮೊದಲ ಗಿರಾಕಿ ಸಿಕ್ಕಿದ್ದು ಈ ರಸ್ತೆಯಲ್ಲೇ ಅನ್ನುವುದನ್ನು ನನ್ನ ಸೋದರಳಿಯ ಬರೆದುಕೊಂಡ. ಅವನ ಪ್ರಾಜೆಕ್ಟಿಗೆ ಬೇಕಂತೆ.

ಹೋಗುವವರಿಗೆ ಕೆಲವು ಮಾತು. ಮಧ್ಯಾಹ್ನ ಒಂದು ಗಂಟೆಯೊಳಗೆ ತಲುಪಿ. ಚಿಲ್ಲರೆ ಇಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನ ಇಸವಾಣ, ಪಾಪ್ಲೇಟ್ ಕೇಳಬೇಡಿ. ಹಾಗೂ ಕೊಡುತ್ತೇವೆ ಅನ್ನುವ ಹೋಟೆಲಿದ್ದರೆ ಅದು ಐಸಿನಲ್ಲಿ ಮಲಗಿದ್ದ ಮೀನು. ಇಲ್ಲಿ ಆಗ ಹೊಳೆಮೀನು ಅಥವಾ ಒಣ ಸಿಗಡಿಯ ಚಟ್ನಿ ಇರುತ್ತದೆ. ಮಳೆ ಹೊಯ್ಯುವಾಗ ಕುಚ್ಚಲಕ್ಕಿ ಗಂಜಿಗೆ ಆ ಚಟ್ನಿ ಹಾಕಿಕೊಂಡರೆ ಇಸವಾಣದ ನೆನಪೂ ಬರುವುದಿಲ್ಲ. ಮಕ್ಕಳಿದ್ದರೆ ಖಾರ ಕಡಿಮೆ ಮಾಡಲು ಹೇಳಿ, ಬೇರೆ ಬಟ್ಟಲಲ್ಲಿ ಕಾಯಿಹಾಲು ಸೇರಿಸಿ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಇಲ್ಲಿ ಕೆಲಸವಿಲ್ಲ, ಮಿರ್ಜಾನಕ್ಕೋ ಕುಮಟಾಕ್ಕೋ ಹೋಗಿ.

ಊಟಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಸೌಲಭ್ಯಕ್ಕೆ ಎರಡು, ಅದೂ ಬೇಸಿಗೆಯಲ್ಲಿ ಮಾತ್ರ. ಒಣ ಬಂಗಡೆ ಧೈರ್ಯವಾಗಿ ತೆಗೆದುಕೊಳ್ಳಿ, ಉಪ್ಪು ಹದವಾಗಿದೆ. ಸಿಗಡಿ ಉಪ್ಪಿನಕಾಯಿ ಸದ್ಯಕ್ಕೆ ಬೇಡ. ಎಣ್ಣೆ ಜಾಸ್ತಿ, ಮುಚ್ಚಳ ಸಡಿಲ, ನನ್ನ ಬ್ಯಾಗಿನಲ್ಲಿ ಸೋರಿ ಆರ್ಡರ್ ಪುಸ್ತಕ ಇನ್ನೂ ವಾಸನೆ ಹೊಡೆಯುತ್ತಿದೆ. ಅಕ್ಕನಿಗೆ ಹೇಳಿದ್ದೇನೆ. ಒಳ್ಳೇ ಮುಚ್ಚಳದ ಬಾಟಲಿ ಹುಬ್ಬಳ್ಳಿಯಲ್ಲಿ ಹೋಲ್‌ಸೇಲಿಗೆ ಸಿಗುತ್ತದಂತೆ, ಮುಂದಿನ ಬಾರಿ ನಾನೇ ವಿಚಾರಿಸಿಕೊಂಡು ಬರಬೇಕಂತೆ.